ವಿದೇಶದಲ್ಲಿ ಭಾರತದ ಬಿಯರ್, ವಿಸ್ಕಿ, ವೈನ್ ಎಲ್ಲಿ ಸಿಗುತ್ತದೆ? ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕೆಲಸಕ್ಕೋ ಓದಿಗೋ ವಿದೇಶಕ್ಕೆ ಹೋದವರಿಗೆ ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ ಅಲ್ಲಿನ ಇಂಡಿಯನ್ ಸ್ಟೋರ್‌ಗಳಲ್ಲಿ ಸುಲಭವಾಗಿ ಸಿಗುತ್ತವೆ. ಆದರೆ ಊರಲ್ಲಿ ಸ್ನೇಹಿತರ ಜೊತೆ ಕುಡಿಯುತ್ತಿದ್ದ ಬಿಯರ್, ರಮ್ ಅಥವಾ ವಿಸ್ಕಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಕೆಲವೊಮ್ಮೆ ಹೆಸರು ಮಾತ್ರ ಅದೇ ಇರುತ್ತದೆ, ತಯಾರಾದ ಊರು ಬೇರೆಯಾಗಿರುತ್ತದೆ. ಕೆಲವು ದೇಶಗಳಲ್ಲಂತೂ ಒಂದು ಬಾಟಲಿ ಇಟ್ಟುಕೊಂಡರೂ ಜೈಲು ಸೇರಬೇಕಾಗುತ್ತದೆ. ಎಲ್ಲಿ ಏನು ಸಿಗುತ್ತದೆ, ಯಾಕೆ ಸಿಗುವುದಿಲ್ಲ ಎಂಬ ಮಾಹಿತಿ ಇಲ್ಲಿದೆ.

ಬಿಯರ್: ಹೆಸರು ಭಾರತದ್ದು, ತಯಾರಿ ಅಲ್ಲಿಯದು

ಬ್ರಿಟನ್‌ನ ಇಂಡಿಯನ್ ರೆಸ್ಟೋರೆಂಟ್‌ಗಳಲ್ಲಿ ಹೆಚ್ಚಾಗಿ ಕಾಣುವ ಭಾರತೀಯ ಹೆಸರಿನ ಬಿಯರ್‌ಗಳು ಎರಡು: ಕಿಂಗ್‌ಫಿಷರ್ ಮತ್ತು ಕೋಬ್ರಾ. ಕಿಂಗ್‌ಫಿಷರ್ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯ ಬ್ರ್ಯಾಂಡ್. ಆದರೂ ಬ್ರಿಟನ್‌ನಲ್ಲಿ ಮಾರಾಟವಾಗುವ ಕಿಂಗ್‌ಫಿಷರ್ ಹಲವು ವರ್ಷ ಇಂಗ್ಲೆಂಡ್‌ನ ಕೆಂಟ್ ಪ್ರಾಂತ್ಯದ ಬ್ರೂವರಿಯಲ್ಲೇ ತಯಾರಾಗುತ್ತಿತ್ತು.

ಕೋಬ್ರಾ ಕಥೆ ಇನ್ನೂ ಕುತೂಹಲಕಾರಿ. ಹೈದರಾಬಾದ್‌ನಲ್ಲಿ ಹುಟ್ಟಿದ ಕರಣ್ ಬಿಲಿಮೋರಿಯಾ ಲಂಡನ್‌ನಲ್ಲಿ ಈ ಬ್ರ್ಯಾಂಡ್ ಆರಂಭಿಸಿದರು. 1990ರಲ್ಲಿ ಅದರ ಮೊದಲ ಬಾಟಲಿಗಳು ತಯಾರಾಗಿ ಹೋದದ್ದು ಬೆಂಗಳೂರಿನ ಮೈಸೂರು ಬ್ರೂವರೀಸ್‌ನಿಂದ. ಕೆಲ ವರ್ಷಗಳ ನಂತರ ತಯಾರಿಕೆ ಇಂಗ್ಲೆಂಡ್‌ಗೆ ಸ್ಥಳಾಂತರವಾಯಿತು.

ಇದಕ್ಕೆ ಕಾರಣ ಸರಳ. ಬಿಯರ್ ಭಾರದ ಸರಕು, ಬೆಲೆ ಕಡಿಮೆ, ತಿಂಗಳುಗಟ್ಟಲೆ ಹಡಗಿನಲ್ಲಿ ಹೋದರೆ ರುಚಿ ಕೆಡುತ್ತದೆ. ಹಾಗಾಗಿ ಅಲ್ಲೇ ತಯಾರಿಸುವುದು ಕಂಪನಿಗೆ ಲಾಭ. ಭಾರತದಲ್ಲೇ ತಯಾರಾದ ಬಿಯರ್ ಬೇಕು ಎನ್ನುವವರು ಲೇಬಲ್‌ನ ಹಿಂಭಾಗದಲ್ಲಿ 'ಬ್ರೂಡ್ ಇನ್' ಎಂಬ ಸಾಲನ್ನು ನೋಡಬೇಕು. ಜೊತೆಗೆ ಬಾಟಲಿಯ ಮೇಲಿನ ದಿನಾಂಕವನ್ನೂ ಗಮನಿಸಬೇಕು.

ಊರಿನ ವಿಸ್ಕಿ ಯುರೋಪಿನಲ್ಲಿ 'ವಿಸ್ಕಿ' ಅಲ್ಲ!

ಭಾರತದಲ್ಲಿ ಅತಿ ಹೆಚ್ಚು ಮಾರಾಟವಾಗುವ ಅನೇಕ ವಿಸ್ಕಿಗಳಲ್ಲಿ ಕಾಕಂಬಿಯಿಂದ ಬಟ್ಟಿ ಇಳಿಸಿದ ಸ್ಪಿರಿಟ್ ಬೆರೆತಿರುತ್ತದೆ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ ನಿಯಮದ ಪ್ರಕಾರ, ಧಾನ್ಯದಿಂದ ತಯಾರಿಸಿ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟದ್ದನ್ನು ಮಾತ್ರ ವಿಸ್ಕಿ ಎಂದು ಮಾರಬಹುದು. ಹಾಗಾಗಿ ಊರಿನ ಬಾರ್‌ನಲ್ಲಿ ಸಿಗುವ ಕ್ವಾರ್ಟರ್ ಬಾಟಲಿಯ ವಿಸ್ಕಿಯನ್ನು ಲಂಡನ್ ಅಥವಾ ಬರ್ಲಿನ್‌ನಲ್ಲಿ ಹುಡುಕಿದರೆ ಸಾಮಾನ್ಯವಾಗಿ ನಿರಾಸೆಯೇ ಗತಿ.

ಬಾಟಲಿಯ ಅಳತೆಯೂ ಒಂದು ಅಡ್ಡಿ. ಭಾರತದಲ್ಲಿ ಫುಲ್ ಬಾಟಲಿ ಎಂದರೆ 750 ಮಿ.ಲೀ. ಯುರೋಪಿನಲ್ಲಿ ಸ್ಪಿರಿಟ್‌ಗಳಿಗೆ 700 ಮಿ.ಲೀ. ಅಳತೆ. ಅಂದರೆ ರಫ್ತಿಗೆ ಕಂಪನಿಗಳು ಬೇರೆ ಬಾಟಲಿ, ಬೇರೆ ಲೇಬಲ್ ಮಾಡಲೇಬೇಕು.

ರಮ್‌ಗೆ ಕಾಕಂಬಿಯ ತೊಡಕಿಲ್ಲ, ಏಕೆಂದರೆ ರಮ್ ತಯಾರಾಗುವುದೇ ಕಬ್ಬಿನ ಉತ್ಪನ್ನದಿಂದ. 1954ರಲ್ಲಿ ಮಾರುಕಟ್ಟೆಗೆ ಬಂದ ಓಲ್ಡ್ ಮಾಂಕ್ ಇಂದು ಬ್ರಿಟನ್, ಜರ್ಮನಿ, ಅಮೆರಿಕದಲ್ಲೂ ಸಿಗುತ್ತದೆ.

ಸಿಂಗಲ್ ಮಾಲ್ಟ್: ಬೆಂಗಳೂರಿಗಿಂತ ಮೊದಲು ಗ್ಲಾಸ್ಗೋದಲ್ಲಿ

ಬಾರ್ಲಿಯಿಂದ ತಯಾರಾಗುವ ಭಾರತದ ಸಿಂಗಲ್ ಮಾಲ್ಟ್‌ಗಳು ವಿದೇಶದಲ್ಲಿ ಹುಡುಕಿದರೆ ಸಿಗುತ್ತವೆ. ಇದರಲ್ಲಿ ಕರ್ನಾಟಕದ್ದೇ ಮೊದಲ ಹೆಜ್ಜೆ. 1948ರಲ್ಲಿ ಆರಂಭವಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ಅನ್ನು 2004ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡ್‌ನ ಗ್ಲಾಸ್ಗೋ ನಗರದಲ್ಲಿ. ಬೆಂಗಳೂರಿನವರಿಗೆ ಅದು ಸಿಕ್ಕಿದ್ದು 2010ರಲ್ಲಿ! ಜಿಮ್ ಮರ್ರೆ ಅವರ 'ವಿಸ್ಕಿ ಬೈಬಲ್' ಪುಸ್ತಕದ 2010ರ ಆವೃತ್ತಿ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟ ಮೇಲೆ ಹೊರದೇಶದ ಅಂಗಡಿಗಳ ಬಾಗಿಲು ತೆರೆಯಿತು.

ಬೆಂಗಳೂರಿನದೇ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ತಯಾರಿಸುವ ಪಾಲ್ ಜಾನ್ 2012ರಲ್ಲಿ ಬ್ರಿಟನ್ ಮಾರುಕಟ್ಟೆ ಪ್ರವೇಶಿಸಿತು. ಉತ್ತರ ಪ್ರದೇಶದ ರಾಂಪುರ್, ಹರಿಯಾಣದ ಇಂದ್ರಿ ಕೂಡ ಈಗ ಈ ಸಾಲಿನಲ್ಲಿವೆ.

ಇವುಗಳ ಲೇಬಲ್ ಮೇಲೆ '12 ವರ್ಷ', '18 ವರ್ಷ' ಎಂಬ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಕಳಪೆ ಎಂದುಕೊಳ್ಳಬೇಕಿಲ್ಲ. ಸ್ಕಾಟ್ಲೆಂಡ್‌ನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು ಆವಿಯಾಗುತ್ತದೆ. ಬಿಸಿಲಿನ ನಾಡಿನಲ್ಲಿ ವಿಸ್ಕಿ ಬೇಗ ಮಾಗುತ್ತದೆ. ಬೆಲೆಯಲ್ಲಿ ಮಾತ್ರ ಇವು ಒಳ್ಳೆಯ ಸ್ಕಾಚ್‌ಗೆ ಸರಿಸಮಾನ.

ಯಾವ ದೇಶದಲ್ಲಿ ಎಲ್ಲಿ ಹುಡುಕಬೇಕು?

ಬ್ರಿಟನ್: ವಿಸ್ಕಿಗೆಂದೇ ಇರುವ ಅಂಗಡಿಗಳು ಮತ್ತು ಅವುಗಳ ಆನ್‌ಲೈನ್ ಮಳಿಗೆಗಳಲ್ಲಿ ಹುಡುಕುವುದು ಸೂಕ್ತ.

ಅಮೆರಿಕ: ಆಮದುದಾರ, ವಿತರಕ, ಅಂಗಡಿ ಎಂಬ ಮೂರು ಹಂತದ ವ್ಯವಸ್ಥೆ ಇದೆ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ನ್ಯೂಜೆರ್ಸಿಯಲ್ಲಿ ಸಿಕ್ಕಿದ್ದು ಟೆಕ್ಸಾಸ್‌ನಲ್ಲಿ ಸಿಗದಿರಬಹುದು. ಬಾಟಲಿಯ ಹಿಂದೆ ಆಮದುದಾರರ ಹೆಸರು ಇರುತ್ತದೆ. ಅದರ ಫೋಟೊ ತೋರಿಸಿದರೆ ಹತ್ತಿರದ ಅಂಗಡಿಯವರು ತಮ್ಮ ವಿತರಕರಲ್ಲಿ ವಿಚಾರಿಸಲು ಅನುಕೂಲ.

ಕೆನಡಾ, ಸ್ವೀಡನ್: ಕೆನಡಾದ ಒಂಟಾರಿಯೊದಲ್ಲಿ ಎಲ್‌ಸಿಬಿಒ, ಸ್ವೀಡನ್‌ನಲ್ಲಿ ಸಿಸ್ಟಂಬೊಲಾಗೆಟ್ ಎಂಬ ಸರ್ಕಾರಿ ಮಳಿಗೆಗಳಿವೆ. ಚೆನ್ನೈ ಕನ್ನಡಿಗರಿಗೆ ಟಾಸ್ಮಾಕ್ ಎಂದರೆ ಬೇಗ ಅರ್ಥವಾಗುತ್ತದೆ. ಯಾವ ಮಳಿಗೆಯಲ್ಲಿ ಎಷ್ಟು ಬಾಟಲಿ ಇದೆ ಎಂಬುದನ್ನು ಇವುಗಳ ವೆಬ್‌ಸೈಟ್‌ನಲ್ಲೇ ನೋಡಬಹುದು.

ವೈನ್: ನಾಸಿಕ್‌ನ ಸುಲಾ, ನಂದಿ ಬೆಟ್ಟದ ಬಳಿಯ ಗ್ರೋವರ್ ಝಂಪಾ ವೈನ್‌ಗಳನ್ನು ಅಂಗಡಿಗಿಂತ ಮೊದಲು ದೊಡ್ಡ ಇಂಡಿಯನ್ ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ ಹುಡುಕುವುದು ಒಳ್ಳೆಯದು. ಗೋವಾದ ಗೇರುಹಣ್ಣಿನ ಫೆನಿಗೆ 2009ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದರೂ ವಿದೇಶದಲ್ಲಿ ಅದು ಇನ್ನೂ ಅಪರೂಪ.

ಗಲ್ಫ್‌ನಲ್ಲಿ ಎಚ್ಚರ

ಕರಾವಳಿಯ ಸಾವಿರಾರು ಮಂದಿ ದುಡಿಯುತ್ತಿರುವ ಗಲ್ಫ್‌ನಲ್ಲಿ ಒಂದೊಂದು ಕಡೆ ಒಂದೊಂದು ಕಾನೂನು. ದುಬೈನಲ್ಲಿ 21 ವರ್ಷ ತುಂಬಿದ ಮುಸ್ಲಿಮೇತರರು ಪರವಾನಗಿ ಪಡೆದು ಅಧಿಕೃತ ಅಂಗಡಿಯಲ್ಲಿ ಕೊಳ್ಳಬಹುದು. 2023ರ ಜನವರಿಯಿಂದ ಈ ಪರವಾನಗಿ ಉಚಿತ. ಪಕ್ಕದ ಶಾರ್ಜಾದಲ್ಲಿ ಮದ್ಯ ನಿಷೇಧವಿದೆ. ಹೀಗಾಗಿ ದುಬೈನಲ್ಲಿ ಕೊಂಡು ಶಾರ್ಜಾದ ರೂಮಿಗೆ ಒಯ್ಯುವುದು ಅಪಾಯಕ್ಕೆ ಆಹ್ವಾನ.

ಕುವೈತ್‌ನಲ್ಲಿ ಮತ್ತು ಸೌದಿ ಅರೇಬಿಯಾದಲ್ಲಿ ದುಡಿಯಲು ಹೋದವರಿಗೆ ಮದ್ಯ ಕಾನೂನುಬಾಹಿರ. ಸಿಕ್ಕಿಬಿದ್ದರೆ ಜೈಲು, ಗಡೀಪಾರು, ಕೆಲಸ ಹೋಗುವುದು ಎಲ್ಲವೂ ಉಂಟು. ಕದ್ದುಮುಚ್ಚಿ ಮಾರುವ ಮದ್ಯ ಇನ್ನೂ ಅಪಾಯಕಾರಿ. 2025ರ ಆಗಸ್ಟ್‌ನಲ್ಲಿ ಕುವೈತ್‌ನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಸೂಟ್‌ಕೇಸ್‌ನಲ್ಲಿ ಎಷ್ಟು ಒಯ್ಯಬಹುದು?

ಶೇ. 24ರಿಂದ 70ರಷ್ಟು ಆಲ್ಕೋಹಾಲ್ ಇರುವ ಮದ್ಯವನ್ನು ಚೆಕ್-ಇನ್ ಬ್ಯಾಗ್‌ನಲ್ಲಿ ಸೀಲ್ ಒಡೆಯದೆ ಒಬ್ಬರು 5 ಲೀಟರ್‌ವರೆಗೆ ಒಯ್ಯಬಹುದು ಎಂಬುದು ವಿಮಾನಯಾನದ ಸಾಮಾನ್ಯ ನಿಯಮ. ಇಳಿಯುವ ದೇಶದ ಸುಂಕರಹಿತ ಮಿತಿ ಬೇರೆಯೇ ಇರುತ್ತದೆ.

* ಅಮೆರಿಕ: 1 ಲೀಟರ್ (21 ವರ್ಷ ತುಂಬಿರಬೇಕು)
* ಐರೋಪ್ಯ ಒಕ್ಕೂಟ: ಸ್ಪಿರಿಟ್ 1 ಲೀಟರ್
* ಗ್ರೇಟ್ ಬ್ರಿಟನ್: ಸ್ಪಿರಿಟ್ 4 ಲೀಟರ್
* ಕೆನಡಾ: ಸ್ಪಿರಿಟ್ 1.14 ಲೀಟರ್
* ಆಸ್ಟ್ರೇಲಿಯಾ: 2.25 ಲೀಟರ್ (18 ವರ್ಷ ತುಂಬಿರಬೇಕು)

ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯ ಸೀಲ್ ಮಾಡಿದ ಚೀಲವನ್ನು ಕೊನೆಯ ನಿಲ್ದಾಣ ತಲುಪುವವರೆಗೆ ತೆರೆಯಬಾರದು. ನಡುವೆ ವಿಮಾನ ಬದಲಿಸುವಾಗ ಸೀಲ್ ಒಡೆದಿದ್ದರೆ ಭದ್ರತಾ ತಪಾಸಣೆಯಲ್ಲಿ ಬಾಟಲಿ ಕೈಬಿಟ್ಟಂತೆಯೇ. ಊರಿನಿಂದ ಪಾರ್ಸೆಲ್ ತರಿಸುವ ಯೋಚನೆಯೂ ಬೇಡ. ಉದಾಹರಣೆಗೆ, ಅಮೆರಿಕದ ಅಂಚೆಯಲ್ಲಿ ಮದ್ಯ ಕಳುಹಿಸುವುದಕ್ಕೆ ನಿಷೇಧವಿದೆ. ಸುಂಕ ಮತ್ತು ಮಿತಿಗಳು ಬದಲಾಗುತ್ತಿರುತ್ತವೆ. ಹಾಗಾಗಿ ಟಿಕೆಟ್ ಕಾಯ್ದಿರಿಸಿದ ಮೇಲೆ ವಿಮಾನ ಸಂಸ್ಥೆ ಮತ್ತು ಆಯಾ ದೇಶದ ಕಸ್ಟಮ್ಸ್ ವೆಬ್‌ಸೈಟ್ ನೋಡಿಕೊಳ್ಳುವುದು ಉತ್ತಮ.

(ಮದ್ಯಪಾನ ಆರೋಗ್ಯಕ್ಕೆ ಹಾನಿಕರ)