ಎಣಿಕೆ ತಪ್ಪು, ಶೋಧ ಸರಿ

ನಕ್ಷತ್ರದಲ್ಲಿ ಯಾವ ಧಾತುಗಳಿವೆ ಎಂದು ಅಲ್ಲಿಗೆ ಹೋಗದೆಯೇ ತಿಳಿಯುವುದು ಹೇಗೆ? ಅದರ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳಿಂದ. ಪ್ರತಿ ಧಾತುವಿಗೂ ಅದರದೇ ಗೆರೆಗಳುಂಟು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಆಂಟೋನಿಯಾ ಮೌರಿ ಒಂದು ಬಿಸಿ ನಕ್ಷತ್ರದಲ್ಲಿ ಸಿಲಿಕಾನ್ ಗೆರೆಗಳು ಅತಿ ಗಾಢವಾಗಿರುವುದನ್ನು 1897ರ ತಮ್ಮ ಪಟ್ಟಿಯಲ್ಲಿ ದಾಖಲಿಸಿದರು. ಮುಂದೆ ಇಂಥ ಹಲವು ನಕ್ಷತ್ರಗಳು ಸಿಕ್ಕವು. ಕಾರಣ ಮಾತ್ರ ತಿಳಿಯಲಿಲ್ಲ.

ಕಾಂತಕ್ಷೇತ್ರದಲ್ಲಿ ರೋಹಿತದ ಗೆರೆ ಸೀಳುತ್ತದೆಂದು ಪೀಟರ್ ಜೀಮನ್ 1896ರಲ್ಲೇ ಕಂಡಿದ್ದರು. ಈ ಸುಳಿವು ಹಿಡಿದು ಮೌಂಟ್ ವಿಲ್ಸನ್ ವೀಕ್ಷಣಾಲಯದ ಹೊರೇಸ್ ಬ್ಯಾಬ್‌ಕಾಕ್ ನಕ್ಷತ್ರಗಳ ಕಾಂತಕ್ಷೇತ್ರ ಹುಡುಕಲು ಹೊರಟರು. ವೇಗವಾಗಿ ತಿರುಗುವ ನಕ್ಷತ್ರದಲ್ಲಿ ಅದು ಬಲವಾಗಿರಬೇಕೆಂಬುದು ಅವರ ಎಣಿಕೆ. ಆದರೆ ವೇಗದ ತಿರುಗುವಿಕೆ ಗೆರೆಗಳನ್ನು ಮಸುಕುಗೊಳಿಸುತ್ತದೆ. ಹಾಗಾಗಿ ಗೆರೆಗಳು ಸ್ಪಷ್ಟವಾಗಿರುವ ಬಿಸಿ ನಕ್ಷತ್ರಗಳನ್ನೇ ಆಯ್ದುಕೊಂಡರು. ಅವು ವೇಗವಾಗಿ ತಿರುಗುತ್ತ, ಧ್ರುವದ ಕಡೆಯಿಂದ ನಮಗೆ ಕಾಣುತ್ತಿರಬೇಕೆಂದು ಭಾವಿಸಿದರು. ಕನ್ಯಾ ರಾಶಿಯ 78 ವರ್ಜಿನಿಸ್‌ನಲ್ಲಿ ಸುಮಾರು 1500 ಗೌಸ್ ಕಾಂತಕ್ಷೇತ್ರ ಸಿಕ್ಕಿತು, 1947ರಲ್ಲಿ ಪ್ರಕಟಿಸಿದರು. ಭೂಮಿಯದು ಸುಮಾರು ಅರ್ಧ ಗೌಸ್ ಮಾತ್ರ! ತಮಾಷೆಯೆಂದರೆ, ಇಂಥ ವಿಚಿತ್ರ ನಕ್ಷತ್ರಗಳಲ್ಲಿ ಹೆಚ್ಚಿನವು ನಿಜಕ್ಕೂ ನಿಧಾನವಾಗಿ ತಿರುಗುವಂಥವು.

ಹಾಗಾದರೆ ಅಷ್ಟೊಂದು ಸಿಲಿಕಾನ್ ಎಲ್ಲಿಂದ ಬಂತು? ಕಲಕದೆ ಇಟ್ಟ ಹಾಲಿನಲ್ಲಿ ಕೆನೆ ಮೇಲೆ ಬರುತ್ತದಲ್ಲವೇ? 1970ರಲ್ಲಿ ಜಾರ್ಜ್ ಮಿಷೊ ಕೊಟ್ಟ ವಿವರಣೆ ಹೆಚ್ಚುಕಡಿಮೆ ಹಾಗೆಯೇ ಇದೆ. ಶಾಂತವಾದ ಹೊರಪದರದಲ್ಲಿ ಬೆಳಕಿನ ಒತ್ತಡ ಕೆಲವು ಪರಮಾಣುಗಳನ್ನು ಮೇಲಕ್ಕೆ ತಳ್ಳುತ್ತದೆ, ಬೇರೆಯವು ಕೆಳಗಿಳಿಯುತ್ತವೆ. ಪದರ ಕಲಕದಂತೆ ತಡೆಯಲು ಕಾಂತಕ್ಷೇತ್ರ ನೆರವಾಗುತ್ತದೆ. ಇಡೀ ನಕ್ಷತ್ರ ವಿಚಿತ್ರವಲ್ಲ, ಕೆನೆ ಮಾತ್ರ!

ಕಾಂತಕ್ಷೇತ್ರದ ಹಿಡಿತ ನಕ್ಷತ್ರದ ಹೊರಗೂ ಉಂಟು. ಮಹಾವ್ಯಾಧನ ನಡುಪಟ್ಟಿಯ ಬಳಿ, ಹೀಲಿಯಂ ಹೆಚ್ಚಾಗಿ ತೋರುವ ಸಿಗ್ಮಾ ಓರಿಯೊನಿಸ್ ಇ ಇದೆ. ಅದರ ಪ್ರಬಲ ಕಾಂತಕ್ಷೇತ್ರವನ್ನು 1978ರಲ್ಲಿ ಲ್ಯಾಂಡ್‌ಸ್ಟ್ರೀಟ್ ಮತ್ತು ಬೋರಾ ಪತ್ತೆಮಾಡಿದರು. ನಕ್ಷತ್ರದಿಂದ ಹೊರಡುವ ವಿದ್ಯುದಾವೇಶದ ಕಣಗಳು, ಅಂದರೆ ಪ್ಲಾಸ್ಮಾ, ದಾರದಲ್ಲಿ ಪೋಣಿಸಿದ ಮಣಿಗಳಂತೆ ಕಾಂತರೇಖೆಗಳ ಗುಂಟ ಮಾತ್ರ ಸಾಗಬಲ್ಲವು. ರೇಖೆಯ ಎರಡೂ ಬುಡಗಳಿಂದ ಬಂದ ಪ್ಲಾಸ್ಮಾ ನಡುವೆ ಸೇರಿ ಮೋಡವಾಗುತ್ತದೆ. ಗುರುತ್ವ ಎಳೆದರೂ ಕೇಂದ್ರಾಪಗಾಮಿ ಬಲ ಅದನ್ನು ಬೀಳಗೊಡುವುದಿಲ್ಲ. ನಕ್ಷತ್ರದೊಂದಿಗೇ 1.19 ದಿನಕ್ಕೊಂದು ಸುತ್ತು ಬರುವ ಈ ಮೋಡಗಳು ಅಡ್ಡ ಬಂದಾಗ ಬೆಳಕು ತುಸು ಮಂಕಾಗುತ್ತದೆ. 2005ರಲ್ಲಿ ಟೌನ್‌ಸೆಂಡ್, ಒವೊಕಿ ಇದನ್ನು ಗಣಿತದಲ್ಲಿ ನಿರೂಪಿಸಿದರು. ಇಂಥ ಇನ್ನೊಂದು ನಕ್ಷತ್ರದ ರೇಡಿಯೋ ಮಿಡಿತಗಳನ್ನು ಪುಣೆ ಬಳಿಯ ಜಿ.ಎಂ.ಆರ್.ಟಿ. ದೂರದರ್ಶಕದಿಂದ ಬರ್ನಾಲಿ ದಾಸ್, ಪೂನಂ ಚಂದ್ರ ಮತ್ತು ಸಂಗಡಿಗರು ಗುರುತಿಸಿ 2018ರಲ್ಲಿ ವರದಿ ಮಾಡಿದರು.

ಬಿ.ಎಸ್ಸಿ. ಓದುವಾಗ, ಹೊಂದದ ರೀಡಿಂಗನ್ನು ರೆಕಾರ್ಡ್ ಪುಸ್ತಕದಲ್ಲಿ ನಾನೂ ತಿದ್ದಿ ಬರೆದದ್ದುಂಟು. ಮೌರಿ ಹಾಗೆ ಮಾಡಲಿಲ್ಲ. ಕಾರಣ ತಿಳಿಯದಿದ್ದರೂ ಕಂಡದ್ದನ್ನು ಬರೆದಿಟ್ಟರು. ವಿದ್ಯಾರ್ಥಿ ಮಿತ್ರರೇ, ನಿಮ್ಮ ರೀಡಿಂಗನ್ನು ಅಳಿಸುವ ಮುನ್ನ ಇನ್ನೊಮ್ಮೆ ನೋಡಿ.