ವೆಲ್ವೆಟ್ ರಿವಾಲ್ವರ್

ವೆಲ್ವೆಟ್ ರಿವಾಲ್ವರ್ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 2002ರಲ್ಲಿ ರೂಪುಗೊಂಡ ಹಾರ್ಡ್ ರಾಕ್ ಸಂಗೀತ ತಂಡ. ಬೇರೆ ತಂಡಗಳಲ್ಲಿ ಅದಾಗಲೇ ಹೆಸರು ಗಳಿಸಿದ ಕಲಾವಿದರು ಸೇರಿ ಕಟ್ಟುವ ಇಂತಹ ತಂಡಕ್ಕೆ ಸೂಪರ್‌ಗ್ರೂಪ್ ಎನ್ನುತ್ತಾರೆ. ಗಿಟಾರ್ ವಾದಕ ಸ್ಲ್ಯಾಷ್, ಬೇಸ್ ಗಿಟಾರ್ ವಾದಕ ಡಫ್ ಮೆಕೇಗನ್ ಮತ್ತು ಡ್ರಮ್ ವಾದಕ ಮ್ಯಾಟ್ ಸೋರಮ್ ಗನ್ಸ್ ಎನ್ ರೋಸಸ್ ತಂಡದಿಂದ ಬಂದವರು. ಗಾಯಕ ಸ್ಕಾಟ್ ವೈಲೆಂಡ್ ಸ್ಟೋನ್ ಟೆಂಪಲ್ ಪೈಲಟ್ಸ್ ತಂಡದವರು. ಎರಡನೆಯ ಗಿಟಾರ್ ವಾದಕ ಡೇವ್ ಕುಶ್ನರ್.

ರಚನೆ

ಡ್ರಮ್ ವಾದಕ ರ‍್ಯಾಂಡಿ ಕ್ಯಾಸ್ಟಿಲೊ 2002ರ ಮಾರ್ಚ್‌ನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅವರ ಸ್ಮರಣೆಯ ಸಹಾಯಾರ್ಥ ಕಾರ್ಯಕ್ರಮದಲ್ಲಿ ಸ್ಲ್ಯಾಷ್, ಡಫ್ ಮತ್ತು ಸೋರಮ್ ಬಹುಕಾಲದ ನಂತರ ಒಟ್ಟಿಗೆ ನುಡಿಸಿದರು. ತಂಡ ಹುಟ್ಟಿದ್ದು ಅಲ್ಲಿಂದ. ವಾದಕರು ಸುಲಭವಾಗಿ ಕೂಡಿಬಂದರೂ ಗಾಯಕನ ಹುಡುಕಾಟ ತಿಂಗಳುಗಟ್ಟಲೆ ನಡೆಯಿತು. ಅದನ್ನು ವಿಎಚ್1 ವಾಹಿನಿ ಚಿತ್ರೀಕರಿಸಿತು. 2003ರಲ್ಲಿ ವೈಲೆಂಡ್ ಸೇರಿದರು. ಅದೇ ವರ್ಷ ತೆರೆಕಂಡ 'ಹಲ್ಕ್' ಚಲನಚಿತ್ರದ 'ಸೆಟ್ ಮಿ ಫ್ರೀ' ತಂಡದ ಮೊದಲ ಹಾಡು.

ವೈಲೆಂಡ್ ಆಗ ಮಾದಕ ವ್ಯಸನದಲ್ಲಿದ್ದರು. ಅದು ಉಳಿದವರಿಗೂ ಹೊಸದೇನಲ್ಲ. ಅತಿಯಾದ ಮದ್ಯಪಾನದಿಂದ 1994ರಲ್ಲಿ ಮೇದೋಜೀರಕ ಗ್ರಂಥಿ ಒಡೆದು ಸಾವಿನ ಅಂಚಿಗೆ ಹೋಗಿದ್ದ ಡಫ್ ಅಂದಿನಿಂದ ಕುಡಿತ ಬಿಟ್ಟಿದ್ದರು. ವೈಲೆಂಡ್ ಅವರನ್ನೂ ಚಟದಿಂದ ಬಿಡಿಸಲು ಶ್ರಮಿಸಿದರು. ಹೀಗಾಗಿ ಈ ತಂಡವನ್ನು ಬರಿಯ ಖ್ಯಾತನಾಮರ ಕೂಟವೆಂದು ಕಾಣುವುದು ಸರಿಯಾಗದು.

ಯಶಸ್ಸು ಮತ್ತು ವಿಘಟನೆ

2004ರ ಜೂನ್‌ನಲ್ಲಿ ಬಿಡುಗಡೆಯಾದ ಮೊದಲ ಆಲ್ಬಂ 'ಕಾಂಟ್ರಾಬ್ಯಾಂಡ್' ನೇರವಾಗಿ ಬಿಲ್‌ಬೋರ್ಡ್ 200 ಪಟ್ಟಿಯ ಅಗ್ರಸ್ಥಾನಕ್ಕೇರಿತು. ಅದರ 'ಸ್ಲಿದರ್' ಹಾಡಿಗೆ 2005ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಎರಡನೆಯ ಆಲ್ಬಂ 'ಲಿಬರ್ಟಾಡ್' (2007) ಐದನೆಯ ಸ್ಥಾನದಲ್ಲಿ ಕಾಣಿಸಿಕೊಂಡರೂ ಮೊದಲನೆಯದರಷ್ಟು ಮಾರಾಟವಾಗಲಿಲ್ಲ. ಆ ವರ್ಷ ವೈಲೆಂಡ್ ತಮ್ಮ ಸಹೋದರ ಮೈಕಲ್‌ರನ್ನು ಕಳೆದುಕೊಂಡರು. ವೈಲೆಂಡ್ ಮತ್ತೆ ಚಟಕ್ಕೆ ಬಿದ್ದರು, ಪ್ರವಾಸದ ಕಾರ್ಯಕ್ರಮಗಳು ರದ್ದಾದವು. 2008ರ ಮಾರ್ಚ್‌ನಲ್ಲಿ ಗ್ಲಾಸ್ಗೋ ನಗರದ ವೇದಿಕೆಯಿಂದಲೇ ಅವರು, ಇದು ತಂಡದ ಕೊನೆಯ ಪ್ರವಾಸವೆಂದು ಸಾರಿದರು. ಏಪ್ರಿಲ್ 1ರಂದು ಅವರ ನಿರ್ಗಮನ ಅಧಿಕೃತವಾಯಿತು.

ಹೊಸ ಗಾಯಕನಿಗಾಗಿ ನಡೆದ ಹುಡುಕಾಟ ಫಲಿಸಲಿಲ್ಲ. 2012ರ ಜನವರಿಯಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕಾಗಿ ಮಾತ್ರ ಐವರೂ ಮತ್ತೆ ಸೇರಿದ್ದರು. ಅದೇ ಡಿಸೆಂಬರ್‌ನಲ್ಲಿ ಗನ್ಸ್ ಎನ್ ರೋಸಸ್ ಬೆಂಗಳೂರಿಗೆ ಬಂದಾಗ ಮೂಲ ಸದಸ್ಯರ ಪೈಕಿ ವೇದಿಕೆಯ ಮೇಲಿದ್ದವರು ಗಾಯಕ ಆಕ್ಸೆಲ್ ರೋಸ್ ಒಬ್ಬರೇ. ಸ್ಲ್ಯಾಷ್ ಮತ್ತು ಡಫ್ ಅವರನ್ನು ಕಾಣಲು ಬಯಸಿದ್ದ ಇಲ್ಲಿನ ಅಭಿಮಾನಿಗಳಿಗೆ ಆ ಭಾಗ್ಯ ಒದಗಲಿಲ್ಲ.

ವೈಲೆಂಡ್ 2015ರ ಡಿಸೆಂಬರ್ 3ರಂದು ಮಿನೆಸೋಟದಲ್ಲಿ, ಪ್ರವಾಸದ ಬಸ್ಸಿನಲ್ಲಿಯೇ ತಮ್ಮ 48ನೆಯ ವಯಸ್ಸಿನಲ್ಲಿ ನಿಧನರಾದರು. ಮರುವರ್ಷ ಸ್ಲ್ಯಾಷ್ ಮತ್ತು ಡಫ್ ಗನ್ಸ್ ಎನ್ ರೋಸಸ್‌ಗೆ ಮರಳಿದರು.