ಆಹಾರ ಪೂರಕಗಳು ಮತ್ತು ಮಾನಸಿಕ ಆರೋಗ್ಯ

ದಿನನಿತ್ಯದ ಊಟದ ಜೊತೆಗೆ ಮಾತ್ರೆ, ಕ್ಯಾಪ್ಸೂಲ್, ಪುಡಿ ಅಥವಾ ದ್ರವದ ರೂಪದಲ್ಲಿ ಸೇವಿಸುವ ವಿಟಮಿನ್, ಖನಿಜ, ಕೊಬ್ಬಿನ ಆಮ್ಲ, ಅಮೈನೋ ಆಮ್ಲ, ಗಿಡಮೂಲಿಕೆಯ ಸಾರ ಮುಂತಾದವುಗಳನ್ನು ಆಹಾರ ಪೂರಕಗಳು ಎನ್ನುತ್ತಾರೆ. ಖಿನ್ನತೆ, ಆತಂಕ, ನಿದ್ರಾಹೀನತೆ, ಮರೆವು ಮೊದಲಾದ ತೊಂದರೆಗಳಿಗೆ ಇವುಗಳನ್ನು ಬಳಸುವ ರೂಢಿ ಜಗತ್ತಿನ ಎಲ್ಲೆಡೆ ಇದೆ. ದೇಹದಲ್ಲಿ ಒಂದು ಪೋಷಕಾಂಶ ನಿಜಕ್ಕೂ ಕಡಿಮೆಯಾಗಿ, ಅದರಿಂದಲೇ ಮನಸ್ಸಿನ ಸ್ಥಿತಿ ಕೆಟ್ಟಿದ್ದರೆ ಆ ಕೊರತೆಯನ್ನು ತುಂಬುವುದೇ ಚಿಕಿತ್ಸೆ. ಅಂಥಲ್ಲಿ ಪೂರಕಗಳು ಜೀವವನ್ನೂ ಉಳಿಸಬಲ್ಲವು. ಕೊರತೆಯಿಲ್ಲದವರಲ್ಲಿ ಅವುಗಳ ಪ್ರಯೋಜನ ಬಹುಪಾಲು ಅಲ್ಪ, ಎಷ್ಟೋ ಬಾರಿ ಏನೂ ಇಲ್ಲ. ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಹಣ ವ್ಯರ್ಥವಾಗುವುದಷ್ಟೇ ಅಲ್ಲ, ಸರಿಯಾದ ಚಿಕಿತ್ಸೆಯೂ ತಡವಾಗುತ್ತದೆ.

ಹಿನ್ನೆಲೆ

ಪೋಷಕಾಂಶದ ಕೊರತೆಯಿಂದ ಚಿತ್ತವಿಕಾರ ಉಂಟಾಗಬಹುದೆಂದು ವೈದ್ಯಲೋಕಕ್ಕೆ ಮನದಟ್ಟು ಮಾಡಿಸಿದ ರೋಗಗಳಲ್ಲಿ ಪೆಲಾಗ್ರ ಮುಖ್ಯವಾದುದು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಸಿಪ್ಪೆಯೇಳುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ ಇದರ ಲಕ್ಷಣಗಳು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ್ದ ಬಡವರಲ್ಲಿ ಇದು ವ್ಯಾಪಕವಾಗಿತ್ತು. 1914ರಲ್ಲಿ ಇದರ ತನಿಖೆಗೆ ನೇಮಕಗೊಂಡ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಮಾನಸಿಕ ಆಸ್ಪತ್ರೆಗಳಲ್ಲೂ ಅನಾಥಾಲಯಗಳಲ್ಲೂ ಒಂದು ಸಂಗತಿಯನ್ನು ಗಮನಿಸಿದರು: ಅಲ್ಲಿ ಇರಿಸಿಕೊಂಡವರಿಗೆ ರೋಗ ಬರುತ್ತಿತ್ತು, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಸೋಂಕಾಗಿದ್ದರೆ ಇಬ್ಬರಿಗೂ ತಗಲಬೇಕಿತ್ತು. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಊಟಕ್ಕೆ ಸೇರಿಸಿದಾಗ ರೋಗ ಇಳಿಯಿತು. 1937ರಲ್ಲಿ ಕಾನ್ರಾಡ್ ಎಲ್ವೆಹ್ಯೆಮ್ ನಾಯಿಗಳ ಮೇಲಿನ ಪ್ರಯೋಗದಿಂದ, ಕೊರತೆಯಾಗಿದ್ದ ವಸ್ತು ನಿಕೋಟಿನಿಕ್ ಆಮ್ಲ, ಅಂದರೆ ನಯಾಸಿನ್, ಎಂದು ತೋರಿಸಿದರು. ಭಾರತದಲ್ಲಿ ದಖ್ಖನ್ ಪ್ರಸ್ಥಭೂಮಿಯ ಜೋಳ ಉಣ್ಣುವ ಬಡ ಜನರಲ್ಲಿ ಈ ರೋಗ ಕಾಣಿಸುತ್ತಿತ್ತು. ಸಿ. ಗೋಪಾಲನ್ ಮತ್ತು ಸಂಗಡಿಗರು ಇದನ್ನು ಹೈದರಾಬಾದಿನಲ್ಲಿ ಅಧ್ಯಯನ ಮಾಡಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಾಗಿರಬಹುದೆಂದು ಪ್ರತಿಪಾದಿಸಿದರು.

ಈ ಯಶಸ್ಸು ಅತಿಯಾದ ನಿರೀಕ್ಷೆಗೂ ದಾರಿ ಮಾಡಿತು. 1950ರ ದಶಕದಲ್ಲಿ ಕೆನಡಾದಲ್ಲಿ ಏಬ್ರಮ್ ಹಾಫರ್ ಮತ್ತು ಹಂಫ್ರಿ ಆಸ್ಮಂಡ್ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಭಾರಿ ಪ್ರಮಾಣದಲ್ಲಿ ನಯಾಸಿನ್ ಕೊಟ್ಟು ಗುಣ ಕಂಡಿದೆ ಎಂದರು. 1968ರಲ್ಲಿ ನೊಬೆಲ್ ಪುರಸ್ಕೃತ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಈ ವಿಚಾರಕ್ಕೆ ಬೆಂಬಲವಾಗಿ ಬರೆದರು. ಅಮೆರಿಕದ ಮನೋವೈದ್ಯರ ಸಂಘ ನೇಮಿಸಿದ ಕಾರ್ಯಪಡೆ ಪುರಾವೆಗಳನ್ನು ಪರಿಶೀಲಿಸಿ, 1973ರಲ್ಲಿ ಈ ಚಿಕಿತ್ಸೆಗೆ ಆಧಾರವಿಲ್ಲವೆಂದು ವರದಿ ಕೊಟ್ಟಿತು. ಕೊರತೆಯನ್ನು ನೀಗಿಸುವ ಪ್ರಮಾಣ ಗುಣ ಮಾಡಿದ ಮಾತ್ರಕ್ಕೆ ಅದರ ನೂರು ಪಟ್ಟು ಇನ್ನೂ ಹೆಚ್ಚು ಗುಣ ಮಾಡೀತೆಂಬ ಎಣಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಮೆದುಳು ಮತ್ತು ಪೋಷಕಾಂಶಗಳು

ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ 2; ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಅದರ ಪಾಲು ಸುಮಾರು ಶೇ 20. ಗ್ಲೂಕೋಸಿನಿಂದ ಈ ಶಕ್ತಿಯನ್ನು ಪಡೆಯಲು ಥಯಮಿನ್, ಅಂದರೆ ವಿಟಮಿನ್ ಬಿ1, ಬೇಕು. ಊಟದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್‌ನಿಂದ ಸೆರೊಟೋನಿನ್, ಟೈರೋಸಿನ್‌ನಿಂದ ಡೋಪಮೈನ್ ಎಂಬ ನರಸಂದೇಶವಾಹಕಗಳು ತಯಾರಾಗುತ್ತವೆ. ಈ ಕ್ರಿಯೆಗಳಿಗೆ ಕಬ್ಬಿಣ ಮತ್ತು ವಿಟಮಿನ್ ಬಿ6 ನೆರವಾಗುತ್ತವೆ. ನರತಂತುಗಳ ಹೊದಿಕೆಯಾದ ಮೈಲಿನ್ ಕೆಡದಂತೆ ಕಾಯಲು ಬಿ12 ಅಗತ್ಯ. ನರಕೋಶಗಳ ಪೊರೆಯಲ್ಲಿ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನ ಆಮ್ಲ ಹೇರಳವಾಗಿದೆ. ಇವು ಕಡಿಮೆಯಾದರೆ ಮೆದುಳಿನ ಕೆಲಸ ಕುಂಟುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಕೊಟ್ಟ ಮಾತ್ರಕ್ಕೆ ಕೆಲಸ ಚುರುಕಾಗುವುದಿಲ್ಲ.

ಕೊರತೆಯಿಂದ ಬರುವ ಮಾನಸಿಕ ತೊಂದರೆಗಳು

ಭಾರತದ ಮಟ್ಟಿಗೆ ಬಿ12 ಕೊರತೆ ಬಹು ಮುಖ್ಯವಾದುದು. ಈ ವಿಟಮಿನ್ ಸೊಪ್ಪು, ತರಕಾರಿ, ಧಾನ್ಯ, ಬೇಳೆಗಳಲ್ಲಿ ಇರುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರುಗಳೇ ಇದರ ಮೂಲ. ಊಟದಲ್ಲಿ ನೀರುಮಜ್ಜಿಗೆ, ದಿನಕ್ಕೆರಡು ಲೋಟ ಕಾಫಿಗೆ ಬೀಳುವ ಹಾಲು ಇಷ್ಟೇ ಆದರೆ ಅದು ಸಾಲದೆ ಹೋಗಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ಇದರ ಹೀರಿಕೆಯನ್ನು ತಗ್ಗಿಸುತ್ತವೆ. ವಯಸ್ಸಾದಂತೆಯೂ ಹೀರಿಕೆ ಕುಗ್ಗುತ್ತದೆ. ಪಿತ್ತಜನಕಾಂಗದಲ್ಲಿ ವರ್ಷಗಳಿಗೆ ಸಾಲುವಷ್ಟು ಸಂಗ್ರಹವಿರುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಪಾದಗಳಲ್ಲಿ ಜೋಮು, ಕತ್ತಲಲ್ಲಿ ನಡೆಯುವಾಗ ತೂರಾಟ, ಉರಿನಾಲಿಗೆ, ವಿಪರೀತ ಸುಸ್ತು, ಹೆಸರುಗಳು ನೆನಪಾಗದಿರುವುದು, ಕಾರಣವಿಲ್ಲದ ಸಿಡುಕು, ಮಂಕು ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಸಂಶಯ, ಭ್ರಮೆಗಳೂ ಉಂಟಾಗುತ್ತವೆ. ಮನೆಯವರು ಇದನ್ನು ವಯಸ್ಸಿನ ಮರೆವೆಂದೋ ಖಿನ್ನತೆಯೆಂದೋ ತಿಳಿಯುವುದು ಸಹಜ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ 1000 ಮೈಕ್ರೊಗ್ರಾಂ ಪ್ರಮಾಣದ ಚುಚ್ಚುಮದ್ದು ಅಥವಾ ಮಾತ್ರೆಗಳಿಂದ ಚಿಕಿತ್ಸೆ ನಡೆಯುತ್ತದೆ. ಬೇಗ ಆರಂಭಿಸಿದರೆ ಚೇತರಿಕೆ ಚೆನ್ನಾಗಿರುತ್ತದೆ. ತಡವಾದರೆ ನರಗಳ ಹಾನಿ ಪೂರ್ತಿ ಸರಿಹೋಗದು. ಬಿ12 ನೋಡದೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತಹೀನತೆ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಥಯಮಿನ್ ಕೊರತೆಯ ತೀವ್ರರೂಪವನ್ನು 1881ರಲ್ಲಿ ವಿವರಿಸಿದವರು ಜರ್ಮನಿಯ ಕಾರ್ಲ್ ವರ್ನಿಕೆ. ಗೊಂದಲ, ಕಣ್ಣುಗುಡ್ಡೆಗಳ ಚಲನೆಯಲ್ಲಿ ತೊಡಕು, ನಡಿಗೆಯ ತೂರಾಟ ಇದರ ಗುರುತುಗಳು. ಬಹುಕಾಲ ಮದ್ಯಪಾನ ಮಾಡಿದವರಲ್ಲಿ ಇದು ಹೆಚ್ಚು. ಕೂಡಲೇ ಥಯಮಿನ್ ಚುಚ್ಚುಮದ್ದು ಸಿಗದಿದ್ದರೆ ಹೊಸ ಸಂಗತಿಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿಯೇ ಶಾಶ್ವತವಾಗಿ ಹೋಗಬಹುದು. ಮದ್ಯ ಬಿಡಿಸುವ ಚಿಕಿತ್ಸೆಯಲ್ಲಿ ಥಯಮಿನ್ ಕಡ್ಡಾಯವಾಗಿರುವುದು ಈ ಕಾರಣಕ್ಕೆ.

ಕಬ್ಬಿಣದ ಕೊರತೆಯ ಸುಸ್ತು, ಏಕಾಗ್ರತೆಯ ಅಭಾವ, ಬೇಸರಗಳು ಖಿನ್ನತೆಯನ್ನು ಹೋಲುತ್ತವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಕುಂದಿದಾಗಲೂ ಮಂಕು, ನಿಧಾನಗತಿ ಕಾಣಿಸುತ್ತವೆ. ಗರ್ಭಿಣಿಯಲ್ಲಿ ಈ ಕೊರತೆ ತೀವ್ರವಾದರೆ ಮಗುವಿನ ಬುದ್ಧಿಬೆಳವಣಿಗೆಗೇ ಪೆಟ್ಟು ಬೀಳುತ್ತದೆ.

ಕೊರತೆಯಿಲ್ಲದವರಲ್ಲಿ ಪರಿಣಾಮ

ವಿಟಮಿನ್ ಡಿ ಕಡಿಮೆಯಿರುವವರಲ್ಲಿ ಖಿನ್ನತೆ ಹೆಚ್ಚೆಂದು ಅನೇಕ ಅಧ್ಯಯನಗಳು ಹೇಳುತ್ತವೆ. ಆದರೆ ಖಿನ್ನತೆಯಿರುವವರು ಹೊರಗೆ ಬಿಸಿಲಿಗೆ ಹೋಗುವುದೇ ಕಡಿಮೆಯಾದ್ದರಿಂದ, ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಅದರಿಂದ ತಿಳಿಯದು. ಅಮೆರಿಕದಲ್ಲಿ 50 ವರ್ಷ ದಾಟಿದ 18,353 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಐದು ವರ್ಷಕ್ಕೂ ಮೀರಿದ ಅವಧಿಯಲ್ಲಿ ಖಿನ್ನತೆಯ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಯುರೋಪಿನ ನಾಲ್ಕು ದೇಶಗಳ 1025 ಮಂದಿಗೆ ಹಲವು ಪೋಷಕಾಂಶಗಳ ಮಿಶ್ರಣ ಕೊಟ್ಟು ನೋಡಿದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಖಿನ್ನತೆ ತಪ್ಪಲಿಲ್ಲ.

ಒಮೆಗಾ-3 ವಿಷಯದಲ್ಲಿ ಚಿತ್ರ ಸ್ವಲ್ಪ ಭಿನ್ನ. ಆರೋಗ್ಯವಂತರಲ್ಲಿ ಖಿನ್ನತೆ ಬಾರದಂತೆ ಅದು ತಡೆಯುವುದಿಲ್ಲ. ಈಗಾಗಲೇ ಖಿನ್ನತೆಯಿದ್ದು ಔಷಧ ತೆಗೆದುಕೊಳ್ಳುತ್ತಿರುವವರಿಗೆ ಜೊತೆಯಾಗಿ ಕೊಟ್ಟಾಗ ಒಂದಿಷ್ಟು ನೆರವಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಇಪಿಎ ಎಂಬ ಅಂಶ ಹೆಚ್ಚಿರುವ ತಯಾರಿಕೆಗಳಿಗೆ ಮಾತ್ರ ಈ ಮಾತು ಅನ್ವಯ. ಸಾಮಾನ್ಯವಾಗಿ ಸೂಚಿಸುವ ಪ್ರಮಾಣ ದಿನಕ್ಕೆ 1ರಿಂದ 2 ಗ್ರಾಂ ಇಪಿಎ. ಅಂಗಡಿಯ ಡಬ್ಬಿಯ ಮುಂಬದಿಯಲ್ಲಿ 1000 ಮಿಲಿಗ್ರಾಂ ಎಂದಿರುವುದು ಮೀನೆಣ್ಣೆಯ ಲೆಕ್ಕ. ಹಿಂಬದಿಯ ಸಣ್ಣ ಅಕ್ಷರ ನೋಡಿದರೆ ಸಾಧಾರಣ ಕ್ಯಾಪ್ಸೂಲಿನಲ್ಲಿ ಇಪಿಎ ಇರುವುದು 180 ಮಿಲಿಗ್ರಾಂ. ಅಂದರೆ 1 ಗ್ರಾಂ ಇಪಿಎಗೆ ಅಂಥ ಐದಾರು ಕ್ಯಾಪ್ಸೂಲ್ ಬೇಕು. ದಿನಕ್ಕೊಂದು ನುಂಗಿದವರಿಗೆ ಪ್ರಯೋಗಗಳಲ್ಲಿ ಕಂಡ ಫಲವನ್ನು ನಿರೀಕ್ಷಿಸಲಾಗದು. ಉತ್ತರ ಕರ್ನಾಟಕದ ಊಟದಲ್ಲಿ ನಿತ್ಯವಿರುವ ಅಗಸೆ ಚಟ್ನಿ ಪುಡಿಯಲ್ಲೂ ಒಮೆಗಾ-3 ಇದೆ, ಆದರೆ ಅದು ಬೇರೆ ಬಗೆಯದು. ದೇಹ ಅದರ ಸಣ್ಣ ಭಾಗವನ್ನಷ್ಟೇ ಇಪಿಎ ಆಗಿ ಮಾರ್ಪಡಿಸುತ್ತದೆ.

ಮೊದಲ ಪ್ರಯೋಗದ ಭರವಸೆ ಮುಂದೆ ಕರಗುವುದೂ ಉಂಟು. ಚಿತ್ತವಿಕಲತೆಯ ಅಂಚಿನಲ್ಲಿದ್ದ 81 ಯುವಜನರಿಗೆ ವಿಯೆನ್ನಾದಲ್ಲಿ ಮೀನೆಣ್ಣೆ ಕೊಟ್ಟಾಗ ರೋಗಕ್ಕೆ ತಿರುಗುವುದು ಕಡಿಮೆಯಾಯಿತೆಂದು 2010ರಲ್ಲಿ ವರದಿಯಾಯಿತು. 304 ಮಂದಿಯ ಮೇಲೆ ಹಲವು ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಫಲ ಕಾಣಿಸಲಿಲ್ಲ.

ಗಿಡಮೂಲಿಕೆಗಳು

ಯುರೋಪಿನಲ್ಲಿ ಬಹಳ ಬಳಕೆಯಲ್ಲಿರುವ ಸೇಂಟ್ ಜಾನ್ಸ್ ವರ್ಟ್ ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ಹುಸಿಮಾತ್ರೆಗಿಂತ ಮೇಲು, ಖಿನ್ನತೆ ನಿವಾರಕ ಔಷಧಗಳಿಗೆ ಸಮಾನ ಎಂದು 29 ಪ್ರಯೋಗಗಳನ್ನು ಒಟ್ಟುಗೂಡಿಸಿದ 2008ರ ಕೊಕ್ರೇನ್ ವಿಮರ್ಶೆ ಹೇಳಿತು. ಆದರೆ ಇದು ಯಕೃತ್ತಿನ ಕಿಣ್ವಗಳನ್ನು ಪ್ರಚೋದಿಸಿ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಎಚ್‌ಐವಿ ಔಷಧಗಳ ಬಲ ಕುಂದಿಸುತ್ತದೆ. ಬದಲಿ ಹೃದಯ ಹಾಕಿಸಿಕೊಂಡವರಲ್ಲಿ, ಇದರ ಸೇವನೆಯಿಂದ, ಬದಲಿ ಅಂಗದ ತಿರಸ್ಕಾರವನ್ನು ತಡೆಯುವ ಸೈಕ್ಲೊಸ್ಪೊರಿನ್ ಔಷಧದ ಮಟ್ಟ ಇಳಿದು ದೇಹವು ಹೃದಯವನ್ನು ತಿರಸ್ಕರಿಸತೊಡಗಿದ ಪ್ರಕರಣಗಳು 2000ದಲ್ಲಿ ವರದಿಯಾದವು.

ಭಾರತದಲ್ಲಿ ಅಶ್ವಗಂಧಕ್ಕೆ ಬೇಡಿಕೆ ಹೆಚ್ಚು. ಎರಡು ತಿಂಗಳ ಆಸುಪಾಸಿನ ಸಣ್ಣ ಪ್ರಯೋಗಗಳಲ್ಲಿ ಒತ್ತಡ, ನಿದ್ರೆಯ ತೊಂದರೆಗಳು ಇದರಿಂದ ಸ್ವಲ್ಪ ತಗ್ಗಿವೆ. ದೀರ್ಘಕಾಲದ ಸೇವನೆಯ ಬಗ್ಗೆ ಇಂಥ ಆಧಾರವಿಲ್ಲ. ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಇವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಗರ್ಭಿಣಿಯರು, ಥೈರಾಯ್ಡ್ ತೊಂದರೆಯಿರುವವರು ವೈದ್ಯರನ್ನು ಕೇಳದೆ ಸೇವಿಸಬಾರದು. ಬ್ರಾಹ್ಮಿ ಎಂಬ ಹೆಸರಿನಲ್ಲಿ ಎರಡು ಬೇರೆ ಸಸ್ಯಗಳು ಬಳಕೆಯಲ್ಲಿವೆ: ಒಂದು ನೀರುಬ್ರಾಹ್ಮಿ, ಇನ್ನೊಂದು ಮಲೆನಾಡು, ಕರಾವಳಿಗಳಲ್ಲಿ ತಂಬುಳಿ ಮಾಡುವ ಒಂದೆಲಗ. ನೆನಪಿನ ಶಕ್ತಿಯ ಕುರಿತ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ನೀರುಬ್ರಾಹ್ಮಿಯ ಸಾರದ ಮೇಲೆ. ಒಂದೆಲಗದ ತಂಬುಳಿ ಒಳ್ಳೆಯ ಊಟ. ಆ ಪ್ರಯೋಗಗಳ ಫಲಿತಾಂಶವನ್ನು ಅದಕ್ಕೆ ಹೊಂದಿಸಲಾಗದು.

ಅಪಾಯಗಳು

ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದೆಲ್ಲ ನಿರಪಾಯವಲ್ಲ. ವಾರಕ್ಕೊಂದರಂತೆ ಬರೆದುಕೊಟ್ಟ 60,000 ಯೂನಿಟ್ ವಿಟಮಿನ್ ಡಿಯನ್ನು ತಪ್ಪು ತಿಳಿದು ದಿನವೂ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡದ ಹಾನಿ, ಬುದ್ಧಿಗೊಂದಲ ಉಂಟಾಗುತ್ತವೆ. ಮನಸ್ಸಿನ ಉಲ್ಲಾಸಕ್ಕೆಂದು ತೆಗೆದುಕೊಂಡದ್ದು ಮನಸ್ಸನ್ನೇ ಕದಡುವುದು ಹೀಗೆ. ವಿಟಮಿನ್ ಬಿ6 ಅತಿಯಾದರೆ ಕೈಕಾಲುಗಳ ನರ ಕೆಡುತ್ತದೆ ಎಂಬುದು 1983ರಿಂದಲೂ ಗೊತ್ತಿರುವ ಸಂಗತಿ. 1989ರಲ್ಲಿ ಅಮೆರಿಕದಲ್ಲಿ ಕಲಬೆರಕೆಗೊಂಡ ಟ್ರಿಪ್ಟೊಫ್ಯಾನ್ ಸೇವಿಸಿದ 1500ಕ್ಕೂ ಹೆಚ್ಚು ಜನ ಸ್ನಾಯುನೋವಿನ ತೀವ್ರ ರೋಗಕ್ಕೆ ತುತ್ತಾದರು, ಹಲವರು ಸತ್ತರು. ಸೇಂಟ್ ಜಾನ್ಸ್ ವರ್ಟ್ ಅಥವಾ ಟ್ರಿಪ್ಟೊಫ್ಯಾನ್ ಜಾತಿಯ ಪೂರಕಗಳನ್ನು ಖಿನ್ನತೆ ನಿವಾರಕಗಳ ಜೊತೆ ಸೇವಿಸಿದರೆ ಸೆರೊಟೋನಿನ್ ಅತಿಯಾಗಿ ಜ್ವರ, ನಡುಕ, ಗೊಂದಲ ಉಂಟಾಗಬಹುದು. ಬೈಪೋಲಾರ್ ಕಾಯಿಲೆ ಇರುವವರಲ್ಲಿ ಕೆಲವು ಪೂರಕಗಳು ಉನ್ಮಾದವನ್ನು ಕೆರಳಿಸುತ್ತವೆ.

ನಿಯಂತ್ರಣ

ಭಾರತದಲ್ಲಿ ಪೂರಕಗಳು ಔಷಧ ಕಾನೂನಿಗಲ್ಲ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರಕ್ಕೆ ಒಳಪಟ್ಟಿವೆ. ಇದಕ್ಕೆಂದು 2016ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಇವು ಔಷಧೋಪಯೋಗಕ್ಕಲ್ಲ ಎಂದು ಲೇಬಲ್ ಮೇಲೆ ಬರೆಯಬೇಕು. ರೋಗ ವಾಸಿಮಾಡುತ್ತದೆಂದು ಹೇಳಿಕೊಳ್ಳುವಂತಿಲ್ಲ. ಆಯುರ್ವೇದ ಔಷಧಗಳ ಪರವಾನಗಿ ಬೇರೆ. ಅಮೆರಿಕದಲ್ಲಿ 1994ರ ಕಾಯಿದೆಯಂತೆ ಪೂರಕಗಳು ಮಾರಾಟಕ್ಕೆ ಮುನ್ನ ಪರಿಣಾಮವನ್ನು ಸಾಬೀತುಪಡಿಸಬೇಕಿಲ್ಲ.

ಬಳಕೆಯ ಕ್ರಮ

ಮಂಕು, ಮರೆವು, ಆತಂಕ ಎರಡು ವಾರ ಮೀರಿದರೆ ಮೊದಲು ವೈದ್ಯರಲ್ಲಿ ತೋರಿಸಿ, ಅಗತ್ಯವಿದ್ದರೆ ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಕೊರತೆ ಕಂಡದ್ದಕ್ಕೆ ಮಾತ್ರ, ಸೂಚಿಸಿದ ಪ್ರಮಾಣದಲ್ಲಿ, ಸೂಚಿಸಿದಷ್ಟು ಕಾಲ ಪೂರಕ ತೆಗೆದುಕೊಳ್ಳುವುದು ಸರಿಯಾದ ಕ್ರಮ. ನುಂಗುತ್ತಿರುವ ಪ್ರತಿಯೊಂದನ್ನೂ, ಮೂಲಿಕೆಯಾಗಲಿ ಪ್ರೋಟೀನ್ ಪುಡಿಯಾಗಲಿ, ವೈದ್ಯರಿಗೆ ತಿಳಿಸಬೇಕು. ಪೂರಕ ಶುರುಮಾಡಿದ ಕಾರಣಕ್ಕೆ ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬಾರದು.

ಮಾತ್ರೆಗಿಂತ ಊಟವನ್ನೇ ಸುಧಾರಿಸುವುದೂ ಒಂದು ದಾರಿ. ಆಸ್ಟ್ರೇಲಿಯಾದಲ್ಲಿ 67 ಮಂದಿ ಖಿನ್ನತೆಯ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ತರಕಾರಿ, ಕಾಳು, ಇಡಿಧಾನ್ಯ, ಮೀನು, ಆಲಿವ್ ಎಣ್ಣೆಯ ಊಟಕ್ಕೆ ಬದಲಾದವರಲ್ಲಿ ಸುಮಾರು ಮೂರನೇ ಒಂದು ಭಾಗದವರು 12 ವಾರಗಳಲ್ಲಿ ಖಿನ್ನತೆಯಿಂದ ಹೊರಬಂದರು. ಹೋಲಿಕೆಯ ಗುಂಪಿನಲ್ಲಿ ಹೀಗಾದದ್ದು ಶೇ 8ರಷ್ಟು ಮಂದಿಗೆ. ಇವರಲ್ಲೂ ಹೆಚ್ಚಿನವರು ತಮ್ಮ ಚಿಕಿತ್ಸೆಯನ್ನು ಮುಂದುವರಿಸಿದ್ದರು.

ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿದ್ದು, ಬಹುತೇಕರಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಇಂಥ ಸ್ಥಿತಿಯಲ್ಲಿ ಅಂಗಡಿಯ ಡಬ್ಬಿ ಚಿಕಿತ್ಸೆಯ ಜಾಗವನ್ನು ಆಕ್ರಮಿಸದಂತೆ ನೋಡಿಕೊಳ್ಳುವುದು ಮುಖ್ಯ. ಬದುಕು ಸಾಕೆನಿಸುವ ಯೋಚನೆ, ಊಟ ನಿದ್ರೆ ಬಿಡುವುದು, ಇಲ್ಲದ ದನಿ ಕೇಳಿಸುವುದು ಇದ್ದರೆ ಯಾವ ಪೂರಕಕ್ಕೂ ಕಾಯದೆ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿ, ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.